ಸೆಮಿ ಟ್ರಕ್ಕಿಗೆ ಮನೆ-ಟ್ರೇಲರ್ ಕಟ್ಟಬೇಕೆಂದಿದ್ದೇವೆ. ವಿಮೆ ಯಾರು ಕೊಡುತ್ತಾರೆ?

ಪ್ರಶ್ನೆ: ನಮಸ್ಕಾರ. ನಾವು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. ಮಕ್ಕಳಿಬ್ಬರೂ ಕಾಲೇಜಿಗೆ ಹೋದರು. ಇನ್ನು ಮೇಲೆ ವರ್ಷದಲ್ಲಿ ಏಳೆಂಟು ತಿಂಗಳು ಊರೂರು ಸುತ್ತುತ್ತಾ ಇರೋಣ ಎಂದು ನಾನೂ ನನ್ನ ಹೆಂಡತಿಯೂ ನಿರ್ಧರಿಸಿದ್ದೇವೆ. 42 ಅಡಿಯ ಒಂದು ಫಿಫ್ತ್ ವೀಲ್ ಟ್ರೇಲರ್ (ಮುಂಭಾಗ ಟ್ರಕ್‌ನ ಹಿಂಬದಿಯ ಮೇಲೆ ಕೂರುವ ಮನೆ-ಟ್ರೇಲರ್) ನೋಡಿಟ್ಟಿದ್ದೇವೆ. ತುಂಬಿದಾಗ ಅದರ ಗರಿಷ್ಠ ತೂಕ 20,000 ಪೌಂಡ್. ಅದನ್ನು ಎಳೆಯಲು ಪಿಕಪ್ ಬದಲು ಹಳೆಯ ವೋಲ್ವೋ ವಿಎನ್ಎಲ್ ಸೆಮಿ ಟ್ರಕ್ (ದೊಡ್ಡ ಸರಕು ಟ್ರೇಲರ್ ಎಳೆಯುವ ಲಾರಿ) ಕೊಳ್ಳುವ ಆಸೆ. ಕಾರಿನ ವಿಮೆ ಕಂಪನಿಯವರು ಆಗುವುದಿಲ್ಲ ಎಂದರು. ಕಮರ್ಷಿಯಲ್ ಏಜೆಂಟ್ ಒಬ್ಬರು ಡಾಟ್ ನಂಬರ್ (ಸಾಗಣೆ ವ್ಯಾಪಾರದವರಿಗೆ ಫೆಡರಲ್ ಸಾರಿಗೆ ಇಲಾಖೆ ಕೊಡುವ ಸಂಖ್ಯೆ) ಕೊಡಿ ಎಂದರು. ಮತ್ತೊಬ್ಬರು ಬಾಬ್‌ಟೇಲ್ ಇನ್ಶೂರೆನ್ಸ್ ತೆಗೆದುಕೊಳ್ಳಿ, ಅಗ್ಗ ಎನ್ನುತ್ತಾರೆ. ಯಾರ ಮಾತು ಕೇಳಲಿ? ನನಗೆ ಸಿಡಿಎಲ್ (ವ್ಯಾಪಾರಿ ವಾಹನ ಓಡಿಸುವ ಲೈಸೆನ್ಸ್) ಬೇಕಾ? ನಮ್ಮ ತಂದೆ ಹುಬ್ಬಳ್ಳಿಯಲ್ಲಿ ಬಹಳ ವರ್ಷ ಲಾರಿ ಓಡಿಸಿದವರು. ಇಲ್ಲಿಗೆ ಬಂದಾಗ ಅವರೂ ಓಡಿಸಬಹುದಾ? ಟ್ರಕ್ ಇನ್ನೂ ಕೊಂಡಿಲ್ಲ.

ಉತ್ತರ: ಟ್ರಕ್ ಇನ್ನೂ ಕೊಂಡಿಲ್ಲ ಎಂದು ಬರೆದಿದ್ದೀರಿ, ಓದಿ ಸಮಾಧಾನವಾಯಿತು. ಈ ಕೆಲಸದಲ್ಲಿ ವಿಮೆ ಮೊದಲು, ಟ್ರಕ್ ಆಮೇಲೆ. ಹೆಚ್ಚಿನವರು ತಿರುವುಮುರುವು ಮಾಡುತ್ತಾರೆ. ಟ್ರಕ್ ತಂದು ಅಂಗಳದಲ್ಲಿ ನಿಲ್ಲಿಸಿ, ನೋಂದಣಿಗೆ ವಿಮೆ ಬೇಕು ಎಂದಾಗ ಅವಸರದಲ್ಲಿ ಸಿಕ್ಕಿದ ಪಾಲಿಸಿಗೆ ಸಹಿ ಹಾಕುತ್ತಾರೆ. ಹಾಗೆ ಕೊಂಡ ಪಾಲಿಸಿಯಲ್ಲಿ ಏನಿಲ್ಲ ಎಂಬುದು ಗೊತ್ತಾಗುವುದು ಅಪಘಾತ ಆದ ಮೇಲೆ.

ಮೂವರು ಮೂರು ಮಾತು ಹೇಳಿದ್ದಕ್ಕೆ ಕಾರಣವಿದೆ. ಕಾರಿನ ಪಾಲಿಸಿ ಬರೆದಿರುವುದೇ ಕಾರು, ವ್ಯಾನು, ಪಿಕಪ್‌ಗಳಿಗಾಗಿ. ಪಿಕಪ್‌ಗೂ ಸಾಮಾನ್ಯವಾಗಿ 10,000 ಪೌಂಡ್‌ನ ಆಸುಪಾಸಿನಲ್ಲಿ ತೂಕದ ಮಿತಿ ಇರುತ್ತದೆ. ನೀವು ಹೇಳುವ ವೋಲ್ವೋ ಕ್ಲಾಸ್ 8 ವಾಹನ, ಅಂದರೆ ಅದರ ನಿಗದಿತ ಒಟ್ಟು ತೂಕ (ತಯಾರಕರು ಗೊತ್ತುಮಾಡಿದ, ತುಂಬಿದಾಗಿನ ಗರಿಷ್ಠ ಮಿತಿ) 33,000 ಪೌಂಡ್ ದಾಟಿದ್ದು. ಆ ಪಾಲಿಸಿಯೊಳಗೆ ಅದಕ್ಕೆ ಜಾಗವಿಲ್ಲ. ಕಂಪನಿಯವರು ನೇರವಾಗಿ ಹೇಳಿದ್ದು ಒಳ್ಳೆಯದೇ ಆಯಿತು.

ಕಮರ್ಷಿಯಲ್ ಏಜೆಂಟರ ತೊಂದರೆ ಬೇರೆ. ಅವರ ಅರ್ಜಿ ನಮೂನೆ ಡಾಟ್ ನಂಬರ್, ಸಾಗಿಸುವ ಸರಕು, ವ್ಯಾಪಾರದ ಹೆಸರು ಎಲ್ಲವನ್ನೂ ಕೇಳುತ್ತದೆ. ನಿಮ್ಮ ಹತ್ತಿರ ಇವು ಯಾವುದೂ ಇಲ್ಲ, ಇರಬೇಕಾಗಿಯೂ ಇಲ್ಲ. ಸ್ವಂತ ಸಾಮಾನನ್ನು, ದುಡ್ಡು ಪಡೆಯದೆ, ವ್ಯಾಪಾರದ ಸಂಬಂಧವಿಲ್ಲದೆ ಆಗೀಗ ಸಾಗಿಸುವವರಿಗೆ ಫೆಡರಲ್ ಸಾರಿಗೆ ಸುರಕ್ಷತಾ ನಿಯಮಗಳಲ್ಲೇ ವಿನಾಯಿತಿ ಇದೆ. "ಏನಾದರೂ ಒಂದು ಸಣ್ಣ ವ್ಯಾಪಾರದ ಹೆಸರು ಹಾಕಿಬಿಡಿ, ಅರ್ಜಿ ಮುಂದೆ ಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಎದ್ದು ಬನ್ನಿ. ಬಳಕೆಯ ವಿಷಯದಲ್ಲಿ ಸುಳ್ಳು ಬರೆದ ಅರ್ಜಿಯ ಮೇಲೆ ನಿಂತ ಪಾಲಿಸಿಯನ್ನು ಕ್ಲೇಮ್ ಬಂದ ದಿನ ಕಂಪನಿ ರದ್ದು ಮಾಡಬಹುದು. ಜೊತೆಗೆ, ಇಲ್ಲದ ವ್ಯಾಪಾರವನ್ನು ತೋರಿಸಿ ವ್ಯಾಪಾರಿ ವಾಹನದ ಕಾಯಿದೆಗಳನ್ನೆಲ್ಲ ನೀವಾಗಿಯೇ ತಲೆ ಮೇಲೆ ಎಳೆದುಕೊಂಡಂತೆ.

ಇನ್ನು ಬಾಬ್‌ಟೇಲ್ ಇನ್ಶೂರೆನ್ಸ್. ಇದು ನಿಮಗೆ ಖಂಡಿತ ಬೇಡ. ಬಾಬ್‌ಟೇಲ್, ನಾನ್-ಟ್ರಕಿಂಗ್ ಎಂಬ ಹೆಸರಿನಲ್ಲಿ ಮಾರುವ ಈ ಪಾಲಿಸಿಗಳು ಇರುವುದು ದೊಡ್ಡ ಸಾಗಣೆ ಕಂಪನಿಗೆ ತಮ್ಮ ಟ್ರಕ್ಕನ್ನು ಲೀಸ್‌ಗೆ ಕೊಟ್ಟ ಮಾಲೀಕ-ಚಾಲಕರಿಗೆ. ಸರಕು ಹೊತ್ತಾಗ ಕಂಪನಿಯ ಪಾಲಿಸಿ ಅವರನ್ನು ಕಾಯುತ್ತದೆ. ಕೆಲಸ ಮುಗಿಸಿ ಬರಿ ಟ್ರಕ್‌ನಲ್ಲಿ ಮನೆಗೆ ಹೋಗುವಾಗ ಉಳಿಯುವ ಸಂದನ್ನು ಇದು ಮುಚ್ಚುತ್ತದೆ. ನಿಮಗೆ ಆ ಮೊದಲ ಪಾಲಿಸಿಯೇ ಇಲ್ಲ, ಲೀಸ್ ಕೂಡ ಇಲ್ಲ. ಹಿಂದೆ ಟ್ರೇಲರ್ ಕಟ್ಟಿಕೊಂಡು ಹೊರಟ ನಿಮ್ಮ ಪ್ರಯಾಣವನ್ನು ಅದು ಕಾಯುವುದೂ ಇಲ್ಲ. ಅಗ್ಗ ಎಂದರೆ ಆ ಕಾರಣಕ್ಕೇ ಅಗ್ಗ.

ಹಾಗಾದರೆ ಹೋಗಬೇಕಾದದ್ದು ಎಲ್ಲಿಗೆ? ಒಂದೇ ಕಂಪನಿಗೆ ಕಟ್ಟುಬೀಳದ ಸ್ವತಂತ್ರ ಏಜೆಂಟರಲ್ಲಿ ಕೆಲವರು ಆರ್‌ವಿ (ಪ್ರವಾಸದಲ್ಲಿ ವಾಸಿಸುವ ಮನೆ-ವಾಹನ ಅಥವಾ ಮನೆ-ಟ್ರೇಲರ್), ಕುದುರೆ ಟ್ರೇಲರ್, ಕಾರ್ ರೇಸ್ ತಂಡಗಳ ವಾಹನಗಳಿಗೇ ಪಾಲಿಸಿ ಬರೆಯುತ್ತಾರೆ. ಅವರಿಗೆ ಇದು ಹೊಸದಲ್ಲ. "ಖಾಸಗಿ ಬಳಕೆಯ ಹೆವಿ ಡ್ಯೂಟಿ ಟ್ರಕ್, ಆರ್‌ವಿ ಎಳೆಯಲು ಮಾತ್ರ" ಎಂದು ಮೊದಲ ವಾಕ್ಯದಲ್ಲೇ ಹೇಳಿ. ಟ್ರಕ್ಕನ್ನು ಮೋಟರ್‌ಹೋಮ್ ಆಗಿ ಪರಿವರ್ತಿಸುವ ಯೋಚನೆ ಇದ್ದರೆ ಅದನ್ನೂ ತಿಳಿಸಿ. ಟ್ರಕ್ ನೋಂದಣಿ ಯಾವ ವರ್ಗದಲ್ಲಿದ್ದರೆ ಪಾಲಿಸಿ ಕೊಡುತ್ತೀರಿ, ಈ ಟ್ರೇಲರ್ ಕಟ್ಟಿದಾಗಲೂ ಹೊಣೆ ನಿಮ್ಮದೇ ತಾನೆ, ವರ್ಷದಲ್ಲಿ ಇಷ್ಟು ತಿಂಗಳು ಅದರಲ್ಲೇ ವಾಸ ಇರುವುದಕ್ಕೆ ಒಪ್ಪಿಗೆಯೇ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಫೋನಿನಲ್ಲಿ "ಆಗುತ್ತೆ ಬಿಡಿ" ಎಂದದ್ದು ಲೆಕ್ಕಕ್ಕೆ ಬರುವುದಿಲ್ಲ.

ಮೋಟರ್‌ಹೋಮ್ ಎಂಬುದಕ್ಕೆ ಫೆಡರಲ್ ವಾಹನ ನಿಯಮದಲ್ಲಿ ಒಂದು ವ್ಯಾಖ್ಯೆ ಇದೆ. ಅಡುಗೆ ವ್ಯವಸ್ಥೆ, ಫ್ರಿಜ್ ಅಥವಾ ಐಸ್ ಪೆಟ್ಟಿಗೆ, ಶೌಚಾಲಯ, ಹೀಟರ್ ಅಥವಾ ಏಸಿ, ನಲ್ಲಿ-ಸಿಂಕ್ ಸಮೇತ ಕುಡಿಯುವ ನೀರು, 110-125 ವೋಲ್ಟ್‌ನ ಪ್ರತ್ಯೇಕ ವಿದ್ಯುತ್ ಅಥವಾ ಪ್ರೊಪೇನ್ ಸಂಪರ್ಕ, ಈ ಆರರಲ್ಲಿ ನಾಲ್ಕು ಇರಬೇಕು. ವೋಲ್ವೋದ ಮಲಗುವ ಕ್ಯಾಬಿನ್‌ನಲ್ಲಿ ಇವುಗಳಲ್ಲಿ ಕೆಲವು ಮೊದಲೇ ಇರುತ್ತವೆ; ಮಿಕ್ಕವನ್ನು ಸ್ಥಿರವಾಗಿ ಜೋಡಿಸಬಹುದು. ಆದರೆ ಟೈಟಲ್, ಅಂದರೆ ವಾಹನದ ಮಾಲೀಕತ್ವದ ಪತ್ರ, ಕೊಡುವುದು ರಾಜ್ಯ. ಪ್ರತಿ ರಾಜ್ಯಕ್ಕೂ ಅದರದ್ದೇ ನಿಯಮ, ಅದರದ್ದೇ ಪರಿಶೀಲನೆ. ಟೆಕ್ಸಾಸ್‌ನಲ್ಲಿ ನೋಂದಣಿ ನಡೆಯುವುದು ಕೌಂಟಿಯ ತೆರಿಗೆ ಕಚೇರಿಯಲ್ಲಿ. ಟ್ರಕ್ಕಿಗೆ ಮುಂಗಡ ಕೊಡುವ ಮೊದಲು ಅಲ್ಲಿಗೆ ಒಮ್ಮೆ ಹೋಗಿ ಬನ್ನಿ. ಮೋಟರ್‌ಹೋಮ್ ಆಗಲಿ, ಖಾಸಗಿ ಟ್ರಕ್ ಆಗಲಿ, ಟೈಟಲ್‌ನಲ್ಲಿ ಇರುವುದೇ ಪಾಲಿಸಿಯಲ್ಲೂ ಇರಬೇಕು. ಎರಡೂ ಬೇರೆಯಾದರೆ ಜಗಳ ಶುರುವಾಗುವುದೇ ಅಲ್ಲಿಂದ.

ಹೊಣೆಗಾರಿಕೆಯ ಮೊತ್ತದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಟೆಕ್ಸಾಸ್ ಕಾನೂನು ಕೇಳುವ ಕನಿಷ್ಠ ಮೊತ್ತ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತಕ್ಕೆ 60,000, ಆಸ್ತಿ ಹಾನಿಗೆ 25,000. ಟ್ರಕ್ಕೂ ಟ್ರೇಲರೂ ಸೇರಿ ನಿಮ್ಮ ಗಾಡಿ 40,000 ಪೌಂಡ್ ಹತ್ತಿರ ಬರುತ್ತದೆ. ಅಷ್ಟು ಭಾರ ಒಂದು ಕಾರಿನ ಮೇಲೆ ಹೋದರೆ ಆಸ್ಪತ್ರೆಯ ಮೊದಲ ವಾರದ ಬಿಲ್ಲಿಗೂ ಆ ಹಣ ಸಾಲದು. 10 ಲಕ್ಷ ಡಾಲರ್‌ನ ಏಕಮೊತ್ತದ (ಗಾಯ, ಆಸ್ತಿ ಹಾನಿ ಎಲ್ಲಕ್ಕೂ ಸೇರಿ ಒಂದೇ ಮಿತಿಯ) ಹೊಣೆಗಾರಿಕೆಗಿಂತ ಕೆಳಗೆ ಇಳಿಯಬೇಡಿ ಎಂಬುದು ನನ್ನ ಸಲಹೆ. ಮನೆಯ ಮೇಲೆ ಅಂಬ್ರೆಲಾ ಪಾಲಿಸಿ (ಕೆಳಗಿನ ಪಾಲಿಸಿಯ ಮೊತ್ತ ಮುಗಿದ ಮೇಲೆ ನೆರವಿಗೆ ಬರುವುದು) ಇದ್ದರೆ ಅದು ಈ ಟ್ರಕ್ಕನ್ನು ಒಪ್ಪುತ್ತದೆಯೇ ಎಂದು ಬೇರೆಯಾಗಿ ಕೇಳಿ. ಕೆಳಗಿನ ಪಾಲಿಸಿಯಲ್ಲಿ ವಾಹನ ಇದ್ದ ಮಾತ್ರಕ್ಕೆ ಮೇಲಿನದು ತಾನಾಗಿ ಹಬ್ಬುವುದಿಲ್ಲ.

ಟ್ರೇಲರ್‌ಗೆ ಬೇರೆಯೇ ಪಾಲಿಸಿ ಬೇಕು. ಕಟ್ಟಿಕೊಂಡು ಓಡುವಾಗ ಇತರರಿಗಾಗುವ ಹಾನಿಯ ಹೊಣೆ ಸಾಮಾನ್ಯವಾಗಿ ಎಳೆಯುವ ವಾಹನದ ಪಾಲಿಸಿಯದು. ಆದರೂ ಇಷ್ಟು ದೊಡ್ಡ ಟ್ರೇಲರ್ ತಾನಾಗಿ ಸೇರುತ್ತದೆ ಎಂದುಕೊಳ್ಳದೆ, ವಿಐಎನ್ (ವಾಹನದ ಗುರುತಿನ) ಸಂಖ್ಯೆ ಸಮೇತ ಟ್ರಕ್ ಪಾಲಿಸಿಯಲ್ಲಿ ಹೆಸರಿಸಿ. ಟ್ರೇಲರ್‌ಗೇ ಆಗುವ ಪೆಟ್ಟು, ಬೆಂಕಿ, ಕಳವು, ಆಲಿಕಲ್ಲು ಅದರ ಸ್ವಂತ ಪಾಲಿಸಿಗೆ ಬರುತ್ತವೆ. ಕ್ಯಾಂಪ್‌ಗ್ರೌಂಡಿನಲ್ಲಿ ನಿಲ್ಲಿಸಿದಾಗ ಅತಿಥಿಯೊಬ್ಬರು ನಿಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದರೆ ಅದಕ್ಕೆ ರಜೆಯ ಹೊಣೆಗಾರಿಕೆ ಎಂಬ ಪ್ರತ್ಯೇಕ ರಕ್ಷಣೆ ಇದೆ. ಏಳೆಂಟು ತಿಂಗಳು ಅದರಲ್ಲೇ ಇರುವ ನಿಮಗೆ ರಜೆಯದ್ದು ಸಾಕಾಗಲಿಕ್ಕಿಲ್ಲ. ಪೂರ್ಣಕಾಲ ವಾಸಿಸುವವರ ಪಾಲಿಸಿಯನ್ನೇ ಕೇಳಿ, ತಿಂಗಳ ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಟ್ರಕ್‌ನ ಬೆಲೆ ನಿಗದಿಯಲ್ಲೂ ಎಚ್ಚರ ಬೇಕು. ಒಪ್ಪಿದ ಮೌಲ್ಯ ಎಂದು ಬರೆದಿದ್ದರೆ ಪೂರ್ತಿ ಹೋದಾಗ ಆ ಮೊತ್ತ ಸಿಗುತ್ತದೆ. ಹೇಳಿಕೆಯ ಮೌಲ್ಯ ಎಂಬ ನಮೂನೆಯಲ್ಲಿ, ನೀವು ಬರೆಸಿದ ಮೊತ್ತ ಮತ್ತು ಆ ದಿನದ ಮಾರುಕಟ್ಟೆ ಬೆಲೆ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ಹಳೆ ಟ್ರಕ್ಕಿಗೆ ಹೊಸ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ), ಹಾಸಿಗೆ, ಸೋಲಾರ್ ಎಂದು ದುಡ್ಡು ಸುರಿದವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಬಿಲ್ಲುಗಳನ್ನೂ ಫೋಟೋಗಳನ್ನೂ ಇಟ್ಟುಕೊಳ್ಳಿ.

ಲೈಸೆನ್ಸ್ ವಿಷಯ ಸರಳ. ಟೆಕ್ಸಾಸ್‌ನಲ್ಲಿ ಸ್ವಂತ ಬಳಕೆಯ ಆರ್‌ವಿಗೆ ಸಿಡಿಎಲ್ ಬೇಕಿಲ್ಲ. ಆದರೆ ಕಾರಿಗೆ ಕೊಡುವ ಸಾಮಾನ್ಯ ಕ್ಲಾಸ್ ಸಿ ಲೈಸೆನ್ಸ್ ಕೂಡ ಸಾಲದು. ಎರಡೂ ಸೇರಿದ ನಿಗದಿತ ತೂಕ 26,001 ಪೌಂಡ್ ಅಥವಾ ಹೆಚ್ಚು, ಟ್ರೇಲರ್‌ನದ್ದು 10,000 ಮೀರಿದರೆ, ವ್ಯಾಪಾರೇತರ ಕ್ಲಾಸ್ ಎ ಲೈಸೆನ್ಸ್ ಬೇಕು. ಟ್ರಕ್ ಕೊಂಡ ಮೇಲೆ ಹಿಂದೆ ಏನೂ ಕಟ್ಟದೆ ಅಂಗಡಿಗೆ ಹೋಗಿಬರಲೂ ಕ್ಲಾಸ್ ಸಿ ನಡೆಯುವುದಿಲ್ಲ. ತಕ್ಕ ಲೈಸೆನ್ಸ್ ಇಲ್ಲದೆ ಓಡಿಸಿದ್ದು ವಿಮೆ ಕಂಪನಿಯ ಕೈಗೆ ನೀವೇ ಕೊಡುವ ಅಸ್ತ್ರ. ನಿಮ್ಮ ತಂದೆಯವರ ಅನುಭವಕ್ಕೆ ನನ್ನ ನಮಸ್ಕಾರ. ಘಟ್ಟದಲ್ಲಿ ಲಾರಿ ಇಳಿಸಿದವರಿಗೆ ಗೇರಿನ ಬಗ್ಗೆ ಪಾಠ ಹೇಳಬೇಕಾಗಿಲ್ಲ. ಆದರೂ ಸ್ಟಿಯರಿಂಗ್ ಅವರ ಕೈಗೆ ಕೊಡಬೇಡಿ. ಪಾಲಿಸಿಯಲ್ಲಿ ಹೆಸರಿಲ್ಲದ, ಈ ವರ್ಗದ ಇಲ್ಲಿನ ಲೈಸೆನ್ಸ್ ಇಲ್ಲದ ಚಾಲಕರು ಓಡಿಸುವಾಗ ಏನಾದರೂ ಆದರೆ ಹೊರೆ ಪೂರ್ತಿ ನಿಮ್ಮ ಮೇಲೆ ಬೀಳಬಹುದು. ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಿ. ರಿವರ್ಸ್ ತೆಗೆಯುವಾಗ ಅವರ ಕಣ್ಣು ನಿಮಗೆ ಬೇಕಾಗುತ್ತದೆ.

ಈಗ ಟ್ರಕ್‌ಗೇ ಬರೋಣ. ಇಂದಿನ 'ಒಂದು ಟನ್' ವರ್ಗದ ಪಿಕಪ್‌ಗಳು ಕಾಗದದ ಮೇಲೆ 30,000 ಪೌಂಡ್‌ಗೂ ಹೆಚ್ಚು ಎಳೆಯುತ್ತವೆ. ಹಾಗಿದ್ದೂ ನಿಮ್ಮ ಆಯ್ಕೆಯನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಪ್ರಶ್ನೆ ಇರುವುದು ನಿಲ್ಲಿಸುವುದರಲ್ಲಿ. ಕೊಲರಾಡೋದ ಇಳಿಜಾರಿನಲ್ಲಿ ಸೆಮಿ ಟ್ರಕ್‌ನ ಎಂಜಿನ್ ಬ್ರೇಕು, ಅದರ ಏರ್ ಬ್ರೇಕು, ಅದರ ತೂಕ, ಮೂರೂ ನಿಮ್ಮ ಪರವಾಗಿ ಕೆಲಸ ಮಾಡುತ್ತವೆ. ಆದರೆ ಆ ಟ್ರಕ್ ಇದ್ದ ಹಾಗೆಯೇ ನಿಮ್ಮ ಟ್ರೇಲರ್‌ಗೆ ಹೊಂದುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಬ್ರೇಕ್. ಸರಕಿನ ಟ್ರೇಲರ್‌ಗಳದ್ದು ಏರ್ ಬ್ರೇಕ್. ನಿಮ್ಮ ಮನೆ-ಟ್ರೇಲರ್‌ನದ್ದು 12 ವೋಲ್ಟ್‌ನ ಎಲೆಕ್ಟ್ರಿಕ್ ಬ್ರೇಕ್, ಇಲ್ಲವೇ ವಿದ್ಯುತ್ತಿನಿಂದ ನಡೆಯುವ ಹೈಡ್ರಾಲಿಕ್. ಟ್ರಕ್‌ನ ಪೆಡಲ್ ಒತ್ತಿದಾಗ ಏರುವ ಗಾಳಿಯ ಒತ್ತಡವನ್ನು ಅಳೆದು ಅದಕ್ಕೆ ತಕ್ಕ ವಿದ್ಯುತ್ ಕಳಿಸುವ ಕಂಟ್ರೋಲರ್ ಇಲ್ಲದಿದ್ದರೆ, 20,000 ಪೌಂಡ್ ಬ್ರೇಕಿಲ್ಲದೆ ಹಿಂದೆ ಬರುತ್ತಿದೆ ಎಂದೇ ಅರ್ಥ. ದೀಪಗಳಲ್ಲೂ ಹಾಗೆ. ಟ್ರಕ್ ಬ್ರೇಕ್ ದೀಪಕ್ಕೂ ತಿರುವಿನ ದೀಪಗಳಿಗೂ ಬೇರೆ ಬೇರೆ ತಂತಿ ಕಳಿಸುತ್ತದೆ, ಆರ್‌ವಿಯಲ್ಲಿ ಒಂದೇ ಬಲ್ಬ್ ಎರಡೂ ಕೆಲಸ ಮಾಡುತ್ತದೆ. ನಡುವೆ ಕನ್ವರ್ಟರ್ ಬೇಕು.

ಹಿಚ್ ಕೂಡ ಬದಲಾಗಬೇಕು. ಸರಕಿನ ಟ್ರಕ್‌ನ ಫಿಫ್ತ್ ವೀಲ್ ತಟ್ಟೆ ಸುಮಾರು 47 ಇಂಚು ಎತ್ತರದಲ್ಲಿರುತ್ತದೆ. ನಿಮ್ಮ ಟ್ರೇಲರ್‌ನ ಕಿಂಗ್‌ಪಿನ್ (ಆ ತಟ್ಟೆಗೆ ಸಿಕ್ಕುವ ಗೂಟ) ಅದಕ್ಕಿಂತ ತಗ್ಗಿನ ಎತ್ತರಕ್ಕೆ ಮಾಡಿದ್ದಾದರೆ, ಟ್ರೇಲರ್‌ನ ಮೂತಿ ಮೇಲೆದ್ದು ಅದರ ಹಿಂದಿನ ಆಕ್ಸಲ್ ಮೇಲೆ ಭಾರ ಬೀಳುತ್ತದೆ. ಸೆಮಿ ಟ್ರಕ್‌ನ ಚಾಸಿ ಬಹಳ ಬಿರುಸು. ಅದರ ಕುಲುಕಾಟವನ್ನು ಆರ್‌ವಿಯ ಹಗುರ ಫ್ರೇಮ್ ಬಹುಕಾಲ ತಾಳಲಾರದು. ಆದ್ದರಿಂದ ಗಾಳಿ ಚೀಲದ ಮೇಲೆ ಕೂತ ಏರ್‌ರೈಡ್ ಹಿಚ್ ಹಾಕಿಸಿ. ಟ್ರೇಲರ್ ತೂಕದ 20ರಿಂದ 25 ಶೇಕಡಾ ಪಿನ್ ಮೇಲೆ ಬರುತ್ತದೆ, ಅಂದರೆ 4,000ದಿಂದ 5,000 ಪೌಂಡ್. ಎರಡು ಹಿಂದಿನ ಆಕ್ಸಲ್‌ಗಳ ಟ್ರಕ್ಕಿಗೆ ಅದು ಏನೇನೂ ಅಲ್ಲ. ಹಾಗಾಗಿ ಅನೇಕರು ಒಂದು ಆಕ್ಸಲ್ ತೆಗೆಸುತ್ತಾರೆ. ತಿರುಗಿಸುವುದು ಸುಲಭ, ಟೈರ್ ಖರ್ಚು ಕಡಿಮೆ, ಆಕ್ಸಲ್ ಲೆಕ್ಕದ ಟೋಲೂ ಕಡಿಮೆ. ಆದರೆ ಇದು ಚಾಸಿಗೆ ಕೈ ಹಾಕುವ ಕೆಲಸ. ಹೆವಿ ಟ್ರಕ್ ಗ್ಯಾರೇಜಿನಲ್ಲೇ ಮಾಡಿಸಿ, ವಿಮೆ ಕಂಪನಿಗೆ ಮೊದಲೇ ತಿಳಿಸಿ. ಮಾಡಿಸುವ ಮುನ್ನ ಒಟ್ಟು ಉದ್ದವನ್ನೂ ಅಳೆಯಿರಿ. ಇಂಥ ಜೋಡಿ ವಾಹನಗಳಿಗೆ ಅನೇಕ ರಾಜ್ಯಗಳಲ್ಲಿ 65 ಅಡಿಯ ಮಿತಿ ಇದೆ, 42 ಅಡಿಯ ಟ್ರೇಲರ್ ಕಟ್ಟಿದಾಗ ನೀವು ಅದಕ್ಕೆ ಬಹಳ ಹತ್ತಿರ ಇರುತ್ತೀರಿ.

ನೋಂದಣಿ ತೂಕದಲ್ಲಿ ಒಂದು ಎಚ್ಚರಿಕೆ. ಹಿಂದಿನ ಮಾಲೀಕರು 80,000 ಪೌಂಡ್‌ಗೆ ನೋಂದಾಯಿಸಿರುತ್ತಾರೆ. ಅದನ್ನೇ ಮುಂದುವರಿಸಬೇಡಿ. ಫೆಡರಲ್ ಹೆವಿ ವಾಹನ ಬಳಕೆ ತೆರಿಗೆ 55,000 ಪೌಂಡ್‌ನಿಂದ ಶುರುವಾಗಿ ವರ್ಷಕ್ಕೆ 550 ಡಾಲರ್ ತನಕ ಹೋಗುತ್ತದೆ. ನಿಮ್ಮ ನಿಜವಾದ ಒಟ್ಟು ತೂಕ ಅದಕ್ಕಿಂತ ಬಹಳ ಕೆಳಗಿದೆ, ಅದನ್ನೇ ಘೋಷಿಸಿ. ರಾಜ್ಯ ರಾಜ್ಯಗಳ ಡೀಸೆಲ್ ತೆರಿಗೆ ಲೆಕ್ಕ ಕೊಡುವ ಐಎಫ್‌ಟಿಎ ಕೂಡ, ಸ್ವಂತ ಸಂತೋಷಕ್ಕೆ ಮಾತ್ರ ಬಳಸುವ ಆರ್‌ವಿಗೆ ಅನ್ವಯಿಸುವುದಿಲ್ಲ. ತೂಕದ ಠಾಣೆಗಳಲ್ಲಿ ನಿಲ್ಲಬೇಕೋ ಬೇಡವೋ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೊರಡುವ ಮುನ್ನ ದಾರಿಯ ರಾಜ್ಯಗಳ ನಿಯಮ ನೋಡಿಕೊಳ್ಳಿ, ಟೈಟಲ್ ಮತ್ತು ಪಾಲಿಸಿಯ ಪ್ರತಿ ಕ್ಯಾಬಿನ್‌ನಲ್ಲೇ ಇರಲಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಬೇರೆ ರಾಜ್ಯದಲ್ಲಿ 2006ರ ಸೆಮಿ ಟ್ರಕ್ ಬಹಳ ಕಡಿಮೆ ಬೆಲೆಗೆ ಸಿಗುತ್ತಿದೆ. 16,000 ಪೌಂಡ್‌ನ ಫಿಫ್ತ್ ವೀಲ್ ಎಳೆಯಲು ತರಬಹುದೇ?

ಉತ್ತರ: ಬೇಡ. 2023ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ 14,000 ಪೌಂಡ್ ಮೀರಿದ ಬಹುತೇಕ ಡೀಸೆಲ್ ಟ್ರಕ್‌ಗಳಿಗೆ 2010ರ ಅಥವಾ ನಂತರದ ಎಂಜಿನ್ ಇರಬೇಕು. ಇಲ್ಲದಿದ್ದರೆ ಡಿಎಂವಿ (ರಾಜ್ಯದ ವಾಹನ ಇಲಾಖೆ) ನೋಂದಣಿ ಸಿಗುವುದಿಲ್ಲ. ಬೆಲೆ ಕಡಿಮೆ ಇರುವುದಕ್ಕೆ ಎಂಜಿನ್ ವರ್ಷವೂ ಒಂದು ಕಾರಣ ಇರಬಹುದು. ಕೊಳ್ಳುವಾಗ ಟ್ರಕ್‌ನ ಮಾಡೆಲ್ ವರ್ಷದ ಬದಲು ಎಂಜಿನ್ ಮೇಲಿನ ಫಲಕದ ವರ್ಷ ನೋಡಿ. 2010ರ ಮಾಡೆಲ್ ಟ್ರಕ್‌ನಲ್ಲಿ ಹಿಂದಿನ ವರ್ಷದ ಎಂಜಿನ್ ಇರುವುದುಂಟು. ಲೈಸೆನ್ಸ್ ಕೂಡ ನೆನಪಿರಲಿ: 15,000 ಪೌಂಡ್ ಮೀರಿದ ಫಿಫ್ತ್ ವೀಲ್‌ಗೆ ನಿಮ್ಮಲ್ಲೂ ವ್ಯಾಪಾರೇತರ ಕ್ಲಾಸ್ ಎ ಬೇಕು, ಎಳೆಯುವುದು ಪಿಕಪ್ ಆದರೂ.

ಪ್ರಶ್ನೆ: ನಮ್ಮ ಹತ್ತಿರ ಸೆಮಿ ಟ್ರಕ್ಕೂ ಟ್ರೇಲರೂ ಇವೆ, ಖಾಸಗಿ ಬಳಕೆಯ ಪಾಲಿಸಿಯೂ ಇದೆ. ಮುಂದಿನ ಕನ್ನಡ ಸಮ್ಮೇಳನಕ್ಕೆ ಹೋಗುವಾಗ ಸೀರೆಗಳನ್ನು ತುಂಬಿಕೊಂಡು ಹೋಗಿ ಮಳಿಗೆ ಹಾಕೋಣ ಎನ್ನುತ್ತಾರೆ ಮನೆಯವರು. ಒಂದೇ ಸಲಕ್ಕೆ ಏನಾಗುತ್ತದೆ?

ಉತ್ತರ: ಮಾರುವ ಸರಕು ಟ್ರೇಲರ್ ಹತ್ತಿದ ಕ್ಷಣ ಅದು ವ್ಯಾಪಾರದ ಪ್ರಯಾಣ. ವೈಯಕ್ತಿಕ ಬಳಕೆಯ ವಿನಾಯಿತಿಗಳೆಲ್ಲ ಆ ದಾರಿಯುದ್ದಕ್ಕೂ ಇಲ್ಲವಾಗುತ್ತವೆ: ಸಿಡಿಎಲ್ ಬೇಕಾಗುತ್ತದೆ, ಡಾಟ್ ನಂಬರ್ ಬೇಕಾಗುತ್ತದೆ, ನಿಮ್ಮ ಪಾಲಿಸಿ ಕ್ಲೇಮ್ ತಿರಸ್ಕರಿಸಬಹುದು. ಪ್ರಯಾಣದ ಖರ್ಚನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚೆಂದು ತೋರಿಸಿದರೆ ನೀವೇ ಸಾಕ್ಷ್ಯ ಬರೆದುಕೊಟ್ಟಂತಾಗುತ್ತದೆ. ಗೆಳೆಯರ ಸಾಮಾನು ಹೇರಿಕೊಂಡು ಡೀಸೆಲ್ ದುಡ್ಡು ಪಡೆಯುವುದಕ್ಕೂ ಇದೇ ಅಪಾಯ. ಸೀರೆಗಳನ್ನು ಪಾರ್ಸೆಲ್ ಮಾಡಿ ಸಮ್ಮೇಳನದ ಊರಿಗೆ ಕಳಿಸಿ. ನೀವು ಟ್ರೇಲರ್‌ನಲ್ಲಿ ಬಟ್ಟೆಬರೆಯೊಂದಿಗೆ ಹೋಗಿ ಅಲ್ಲಿ ಪಡೆದುಕೊಳ್ಳಿ. ಹಾಗೆ ಮಾಡಿದರೂ ಈ ಪ್ರಯಾಣ ಖಾಸಗಿ ಬಳಕೆಯೇ ಎಂದು ಹೊರಡುವ ಮುಂಚೆ ಏಜೆಂಟರಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ.