ಹದಿನಾರು ಆಕ್ಷೇಪಗಳಿಗೆ ಉತ್ತರ

ಪ್ರಶ್ನೆ: ಮಲ್ಪೆಯಲ್ಲಿ ಮೀನು ಹೊರುವ ಮಹಿಳೆಯರ ಬೆನ್ನುನೋವಿನ ಕುರಿತ ನನ್ನ ಪ್ರಬಂಧವನ್ನು ಆರೋಗ್ಯ ನಿಯತಕಾಲಿಕವೊಂದಕ್ಕೆ ಕಳುಹಿಸಿದ್ದೆ. ಒಬ್ಬ ಪರಿಶೀಲಕರು ಮೆಚ್ಚಿದ್ದಾರೆ, ಇನ್ನೊಬ್ಬರು ಹದಿನಾರು ಆಕ್ಷೇಪ ಎತ್ತಿದ್ದಾರೆ. ಯಾರ ಮಾತು ನಡೆಯುತ್ತದೆ?
- ನರ್ಸಿಂಗ್ ಉಪನ್ಯಾಸಕಿ, ಉಡುಪಿ

ಉತ್ತರ: ಇಬ್ಬರದ್ದೂ ಅಲ್ಲ, ಸಂಪಾದಕರದ್ದು. ಪರಿಶೀಲಕರು ಪ್ರಕಟಣೆಗೆ ಮುನ್ನ ಪ್ರಬಂಧ ಓದಿ ಸಲಹೆ ಕೊಡುವ ಅದೇ ಕ್ಷೇತ್ರದ ತಜ್ಞರಷ್ಟೇ. ಎಷ್ಟೋ ಪ್ರಬಂಧಗಳನ್ನು ಸಂಪಾದಕರು ಪರಿಶೀಲನೆಗೂ ಕಳುಹಿಸದೆ ಹಿಂದಿರುಗಿಸುತ್ತಾರೆ. ನಿಮ್ಮದು ಆ ಹೊಸ್ತಿಲು ದಾಟಿದೆಯಲ್ಲ, ತಾಯಿ!

ಮೆಚ್ಚಿದವರಿಗಿಂತ ಕೆದಕಿದವರ ಮೇಲೆಯೇ ನನಗೆ ಗೌರವ. ಈ ಕೆಲಸಕ್ಕೆ ಸಾಮಾನ್ಯವಾಗಿ ಸಂಭಾವನೆಯೂ ಇಲ್ಲ. ಪ್ರತಿ ಆಕ್ಷೇಪವನ್ನೂ ಹಾಗೆಯೇ ಬರೆದು, ಅದರ ಕೆಳಗೆ ನಿಮ್ಮ ಉತ್ತರವನ್ನೂ ತಿದ್ದಿದ ಪುಟ, ಸಾಲುಗಳನ್ನೂ ಕೊಡಿ. ಒಪ್ಪದಿದ್ದಲ್ಲಿ ಕಾರಣ ಹೇಳಿ. ಬುಟ್ಟಿಯ ಭಾರವನ್ನು ತೂಗಿ ನೋಡಿದಿರೋ, ಆ ಮಹಿಳೆಯರು ಹೇಳಿದ್ದನ್ನೇ ಬರೆದುಕೊಂಡಿರೋ ಎಂದು ಕೇಳಿದ್ದರೆ ಸಿಟ್ಟಾಗಬೇಡಿ. ನಾನಾದರೂ ಮೊದಲು ಅದನ್ನೇ ಕೇಳುತ್ತಿದ್ದೆ. ಹೆಸರು ಹೇಳದ ಈ ಪರಿಶೀಲಕರು ಮಣಿಪಾಲದವರೇ ಇರಬೇಕು ಎಂದು ಊಹಿಸುತ್ತಲೂ ಕೂರಬೇಡಿ.

ಹಾಗೆಂದು ಪರಿಶೀಲನೆ ಎಲ್ಲವನ್ನೂ ಹಿಡಿಯುವುದಿಲ್ಲ. ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಪ್ರಬಂಧ 1998ರಲ್ಲಿ ಹೆಸರಾಂತ ವೈದ್ಯಕೀಯ ನಿಯತಕಾಲಿಕ 'ಲ್ಯಾನ್ಸೆಟ್'ನಲ್ಲೇ ಪ್ರಕಟವಾಗಿತ್ತು. ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಪರಿಶೀಲಕರ ಕೈಗೆ ಸಾಮಾನ್ಯವಾಗಿ ಸಿಗುವುದು ನೀವು ಬರೆದ ಪ್ರಬಂಧ, ರೋಗಿಗಳ ಕಡತವಲ್ಲ. ಮಾಹಿತಿ ತುಂಬಿದ ನಿಮ್ಮ ಮೂಲ ನಮೂನೆಗಳನ್ನು ಜೋಪಾನವಾಗಿಡಿ. ಸಂಪಾದಕರು ಕೇಳಿದರೆ ತೋರಿಸಬೇಕಾಗುತ್ತದೆ.