ಗಲಾಟೆ ಪುಸ್ತಕಕ್ಕೆ ಸದ್ದಿಲ್ಲದ ಪುಟವೂ ಬೇಕು

ಮೇಡಂ, ನೀವು ಬರೆಯುತ್ತಿರುವ ಮಕ್ಕಳ ಚಿತ್ರಪುಸ್ತಕದ ಕರಡಿನ ಫೋಟೋ ಹಾಕಿದ್ದಿರಲ್ಲ, ಎರಡು ಸಲ ನೋಡಿದೆ. ಅಕ್ಕಪಕ್ಕದ ಮರದವರ ಗಲಾಟೆಗೆ ಗೂಬೆಗೆ ಹಗಲು ನಿದ್ದೆಯಿಲ್ಲ. ಕಥೆ ಚೆನ್ನಾಗಿದೆ. ಆದರೆ ಮೊದಲ ಪುಟದಿಂದಲೇ ಎಲ್ಲರೂ ದಪ್ಪ ಅಕ್ಷರದಲ್ಲಿ ಕಿರುಚುತ್ತಿದ್ದಾರೆ. ನಾನು ಮಾಡಿದ ತಪ್ಪೂ ಇದೇ.

ಹೀಗೇ ಸದ್ದುಗಳನ್ನು ಕೂಗಿ ಓದುವ ನನ್ನ ಮೊದಲ ಗಲಾಟೆ ಪುಸ್ತಕವನ್ನು ಒಂದು ಅಂಗನವಾಡಿಯಲ್ಲಿ ಓದಿದೆ. ಐದನೇ ಪುಟಕ್ಕೇ ನನ್ನ ಗಂಟಲು ಕಟ್ಟಿತು. ಮಕ್ಕಳು ಜೊತೆಗೆ ಕೂಗಿ ಕೂಗಿ, ಆಮೇಲೆ ಎದ್ದು ಓಡಾಡತೊಡಗಿದರು. ನಗು ಬರಬೇಕಿದ್ದ ಪುಟ ಬಂದಾಗ ಕೇಳುವವರೇ ಇರಲಿಲ್ಲ. ಮುಂದೆ ಕೂತಿದ್ದ ಒಂದು ಪುಟ್ಟಿ ಮಾತ್ರ ಎರಡೂ ಕಿವಿ ಮುಚ್ಚಿಕೊಂಡು ಚಿತ್ರ ನೋಡುತ್ತಿದ್ದಳು. ಆ ಕೈಗಳು ಇವತ್ತಿಗೂ ಕಣ್ಣ ಮುಂದೆ ಇವೆ.

ಮತ್ತೆ ಎಂಟು ಎ4 ಹಾಳೆ ನಡುವೆ ಮಡಚಿ 32 ಪುಟದ ಡಮ್ಮಿ, ಅಂದರೆ ಕೈಯಲ್ಲೇ ಮಾಡಿದ ಮಾದರಿ ಪುಸ್ತಕ, ಮಾಡಿದೆ. (ನಿಮ್ಮದು 27 ಪುಟ. ಪ್ರೆಸ್ಸಿನಲ್ಲಿ ಹಾಳೆಯನ್ನು 8, 16 ಪುಟಗಳ ಲೆಕ್ಕದಲ್ಲಿ ಮಡಚುತ್ತಾರೆ, ಈಗಲೇ ಸರಿ ಮಾಡಿಕೊಳ್ಳಿ.) ಬಲಗಡೆ ಪುಟದಲ್ಲಿ ಸದ್ದು ಮಾತ್ರ ಇಟ್ಟೆ. ಯಾರದು ಅಂತ ಗೊತ್ತಾಗುವುದು ಪುಟ ತಿರುಗಿಸಿದ ಮೇಲೆ. ಒಂದು ಸಲಕ್ಕೆ ಒಬ್ಬರೇ. ನಡುವೆ ಒಂದು ಜೋಡಿ ಪುಟದಲ್ಲಿ ಅಕ್ಷರವೇ ಇಲ್ಲ, ಒಂದು ಎಲೆ ಬೀಳುತ್ತಿದೆ ಅಷ್ಟೇ. ಅಲ್ಲಿ ಮಕ್ಕಳು ತಾವಾಗಿಯೇ ಪಿಸುಗುಟ್ಟುತ್ತಾರೆ. ಪುಟ ತಿರುಗಿಸಿ, ಕುಟ್ರು ಹಕ್ಕಿಯ ಹಾಗೆ 'ಕುಟ್ರೂ!' ಅಂದರೆ ಬಿದ್ದು ಬಿದ್ದು ನಗುತ್ತಾರೆ. ಮಲಗುವಾಗ ಒಂದೇ ಮಗುವಿಗೆ ಓದುವ ಪುಸ್ತಕವಾದರೆ ಲೆಕ್ಕ ಬೇರೆ, ಕೂಗು ಇನ್ನೂ ಕಡಿಮೆ ಸಾಕು.

ಕಪ್ಪೆಗೆ 'ರಿಬಿಟ್' ಯಾಕೆ ಮೇಡಂ? ನಮ್ಮ ಕಪ್ಪೆ ವಟವಟ ಅನ್ನುತ್ತದೆ, ಅಲ್ವಾ? ದಾಂಡೇಲಿ ಕಾಡು ಅಂತ ಬರೆದಿದ್ದೀರಿ, ಅಲ್ಲಿಯ ಮಂಗಟ್ಟೆ ಹಕ್ಕಿಯನ್ನೇ ಬಿಟ್ಟಿದ್ದೀರಿ. ದೊಡ್ಡ ಮಂಗಟ್ಟೆ ಬಾಯಿ ತೆರೆಯದಿದ್ದರೂ ರೆಕ್ಕೆಯ ಸದ್ದೇ ಉಗಿಬಂಡಿ ಬಂದ ಹಾಗಿರುತ್ತದೆ. ಮೊಟ್ಟೆಯಿಡುವಾಗ ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೇ ಕೂರುತ್ತದೆ. ಸಣ್ಣ ಸೀಳಿನಲ್ಲಿ ಗಂಡು ಹಣ್ಣು ತಂದು ಕೊಡುತ್ತದೆ. ಎಲ್ಲ ಗಲಾಟೆ ಕೇಳಿಸಿದರೂ ಮನೆ ಬಿಟ್ಟು ಬರಲಾಗದ ನೆರೆಮನೆಯಾಕೆ! ಬರೀ ಕೊಕ್ಕಿನ ತುದಿ ಬರೆದರೂ ಮಕ್ಕಳು ಹುಡುಕುತ್ತಾರೆ. ಗುಂಪಾಗಿ ಗಲಾಟೆ ಮಾಡುವ ಹರಟೆಮಲ್ಲ ಹಕ್ಕಿಗಳಿಗಂತೂ ಹೆಸರೇ ಸಾಕು.

ಕೊನೆಗೆ ಸಿಂಹ ಬಂದು ಬುದ್ಧಿ ಹೇಳುವ ಪುಟವನ್ನು ದಯವಿಟ್ಟು ತೆಗೆಯಿರಿ. ನಮ್ಮ ದೇಶದಲ್ಲಿ ಕಾಡಿನ ಸಿಂಹ ಇರುವುದು ಗುಜರಾತಿನ ಗಿರ್ ಕಡೆ ಮಾತ್ರ. ಕತ್ತಲಾಗಲಿ, ಎಲ್ಲರೂ ಮಲಗಲಿ, ಆಗ ಗೂಬೆ ಎದ್ದು 'ಊಂ... ಊಂ...' ಶುರು ಮಾಡಲಿ.

ಸದ್ದಿನ ಅಕ್ಷರಕ್ಕೆ 'ಬಲೂ ತಮ್ಮ' ಫಾಂಟ್ ಚೆನ್ನಾಗಿ ಕೂರುತ್ತದೆ. ಇಡೀ ಕಥೆಗೆ ಬೇಡ, ಸಣ್ಣ ಅಳತೆಯಲ್ಲಿ ಒತ್ತಕ್ಷರ ಮೆತ್ತಿಕೊಳ್ಳುತ್ತವೆ. ಬಣ್ಣಕ್ಕೆ ಕ್ಯಾಮ್ಲಿನ್ ಪೋಸ್ಟರ್ ಕಲರ್ ಸಾಕು, ಸುಮ್ನೆ ಫಾರಿನ್ ಬಣ್ಣಕ್ಕೆ ದುಡ್ಡು ಹಾಕಬೇಡಿ. ಆ ದುಡ್ಡಿಗೆ ದಪ್ಪ ಹಾಳೆ ತನ್ನಿ, ತೆಳು ಹಾಳೆ ನೀರಿಗೆ ಸುಕ್ಕಾಗುತ್ತದೆ. ಗೂಬೆಯ ಕಣ್ಣು ನಡು ಮಡಿಕೆಗೆ ಬರದಂತೆ ನೋಡಿಕೊಳ್ಳಿ. ಡಮ್ಮಿಗೆ ಪಿನ್ ಹೊಡೆಯಬೇಡಿ, ದಾರದಲ್ಲಿ ಹೊಲಿಯಿರಿ. ಪುಟ್ಟ ಕೈಗೆ ಪಿನ್ ಚುಚ್ಚುತ್ತದೆ.