ಗೊಂಬೆ ಗೀಳು, ಜೇಬಿನ ಗೋಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಗೊಂಬೆಯದ್ದೇ ಜಾಸ್ತಿ. ದಸರಾ ಗೊಂಬೆ ಅಲ್ಲ, ಬ್ಯಾಗಿಗೆ ನೇತುಹಾಕುವ, ಶೋಕೇಸಿನಲ್ಲಿ ಸಾಲಾಗಿ ನಿಲ್ಲಿಸುವ ಡಿಸೈನರ್ ಗೊಂಬೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಕೈಗೆ 26 ಸಾವಿರ ಬರುತ್ತದೆ. ಬ್ಲೈಂಡ್ ಬಾಕ್ಸ್ (ಒಳಗೆ ಯಾವ ಗೊಂಬೆ ಇದೆ ಅಂತ ಒಡೆಯುವವರೆಗೂ ಗೊತ್ತಾಗದ ಡಬ್ಬ) ಕೊಳ್ಳಲು ಶುರು ಮಾಡಿ ಐದು ತಿಂಗಳಲ್ಲಿ 17 ಸಾವಿರ ಹೋಗಿದೆ. ಒಂದೇ ಗೊಂಬೆ ಮೂರು ಸಲ ಬಂತು, ಬೇಕಾಗಿದ್ದು ಮಾತ್ರ ಇನ್ನೂ ಬಂದಿಲ್ಲ. ಅಮ್ಮ ದಿನಾ ಬೈಯುತ್ತಾರೆ. ಬಿಡೋಕೂ ಮನಸ್ಸಿಲ್ಲ. ಏನು ಮಾಡಲಿ?
– ಕುವೆಂಪುನಗರ, ಮೈಸೂರು

ಉತ್ತರ: ಗೊಂಬೆ ಬಿಡಬೇಡಿ, ಡಬ್ಬ ಬಿಡಿ. ನೀವು ಇಲ್ಲಿಯವರೆಗೆ ಕೊಂಡಿದ್ದು ಗೊಂಬೆಯನ್ನಲ್ಲ, ಒಳಗೆ ಯಾವುದಿರಬಹುದು ಅನ್ನೋ ಕುತೂಹಲವನ್ನು. ಅದು ಡಬ್ಬ ಒಡೆದ ಅರ್ಧ ನಿಮಿಷಕ್ಕೆ ಖಾಲಿ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಸರಣಿಯಲ್ಲಿ 12 ಗೊಂಬೆ ಇದೆ, ಎಲ್ಲವೂ ಒಂದೇ ಪ್ರಮಾಣದಲ್ಲಿ ಬರುತ್ತವೆ ಅಂದುಕೊಳ್ಳಿ. ಬಿಡಿ ಡಬ್ಬ ಕೊಳ್ಳುತ್ತಾ ಹೋದರೆ ಹನ್ನೆರಡನ್ನೂ ಸೇರಿಸಲು ಸರಾಸರಿ 37 ಡಬ್ಬ ಬೇಕು. ಮೊದಮೊದಲು ಎಲ್ಲ ಹೊಸದೇ ಬರುತ್ತದೆ, ಖುಷಿಯೋ ಖುಷಿ. ಆಮೇಲೆ ಬಂದದ್ದೇ ಬರುತ್ತದೆ, ಕೊನೆಯ ಒಂದೇ ಒಂದಕ್ಕೆ ಸರಾಸರಿ 12 ಡಬ್ಬ ಒಡೆಯಬೇಕು. 6 ಗೊಂಬೆಯ ಸರಣಿಗೂ ಸುಮಾರು 15 ಡಬ್ಬ ಬೇಕಾಗುತ್ತದೆ. ಇನ್ನು 'ಸೀಕ್ರೆಟ್', ಅಂದರೆ ಅಪರೂಪಕ್ಕೆ ಬರುವ ಗೊಂಬೆ. ಚೀನಾದ ಪಾಪ್ ಮಾರ್ಟ್ ಕಂಪನಿ ಮಾರುವ ಚೂಪು ಹಲ್ಲಿನ 'ಲಬೂಬು' ಗೊಂಬೆಯ ಹಲವು ಸರಣಿಗಳಲ್ಲಿ 72ಕ್ಕೆ ಒಂದು ಅಂತ ಬರೆದಿರುತ್ತಾರೆ. ಹಾಗಾದರೆ 72 ಡಬ್ಬ ಒಡೆದರೆ ಸಿಕ್ಕೇ ಸಿಗುತ್ತೆ ಅಲ್ವಾ? ಇಲ್ಲ. ಅಲ್ಲೊಂದು ಇಲ್ಲೊಂದು ಅಂತ ಅಷ್ಟು ಡಬ್ಬ ಕೊಂಡ ಮೇಲೂ ಬರಿಗೈಯಲ್ಲಿ ಕೂರುವವರು ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ.

ಹಾಗಾಗಿ ಬೇಕಾದ ಗೊಂಬೆ ಯಾವುದು ಅಂತ ಮೊದಲೇ ತೀರ್ಮಾನ ಮಾಡಿ, ಡಬ್ಬ ಒಡೆದು ಮಾರುವವರ ಹತ್ತಿರ ಅದನ್ನೇ ಕೇಳಿ ತಗೊಳ್ಳಿ. ಡಬ್ಬದ ಬೆಲೆಗಿಂತ ಇನ್ನೂರು ಮುನ್ನೂರು ಜಾಸ್ತಿ ಆದರೂ ಪರವಾಗಿಲ್ಲ, ಬಂದದ್ದೇ ಬಂದ ಎರಡು ಡಬಲ್‌ಗಿಂತ ಅಗ್ಗವೇ. ಇಡೀ ಸರಣಿಯೇ ಬೇಕು ಅನ್ನಿಸಿದರೆ ಸೀಲ್ ಆದ ಪೂರ್ತಿ ಸೆಟ್ ಕೊಳ್ಳಿ, ಅದರಲ್ಲಿ ಸಾಮಾನ್ಯವಾಗಿ ಡಬಲ್ ಬರುವುದಿಲ್ಲ, ನಾಲ್ಕು ಜನ ಗೆಳತಿಯರು ದುಡ್ಡು ಹಾಕಿ ಹಂಚಿಕೊಳ್ಳಬಹುದು. ಈಗ ಕೈಯಲ್ಲಿರುವ ಎರಡು ಡಬಲ್‌ಗಳನ್ನು ಅದಲು ಬದಲು ಮಾಡಿಕೊಳ್ಳಿ. ಬೆಲೆ ಯಾಕೆ ಹೀಗೆ ಅಂತ ಗೊಣಗುವ ಮೊದಲು ಇದೂ ಗೊತ್ತಿರಲಿ: ಹೊರದೇಶದ ಆಟಿಕೆ ಮೇಲಿನ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಚೀನಾದ ಬೆಲೆ ನೋಡಿ ಇಲ್ಲಿ ಹೋಲಿಸಿಕೊಂಡರೆ ಸುಮ್ನೆ ಹೊಟ್ಟೆಯುರಿ.

ದುಡ್ಡಿನ ವಿಷಯ. ತಿಂಗಳಿಗೆ ಒಂದು ಸಾವಿರ ಬೇರೆ ಇಡಿ, ಮೂರು ತಿಂಗಳಿಗೆ ಒಮ್ಮೆ ಮಾತ್ರ ಕೊಳ್ಳಿ. ಇದು ನಾನು ಕಂಡುಹಿಡಿದಿದ್ದಲ್ಲ. ನಮ್ಮ ಮೈಸೂರಿನ ಮನೆಗಳಲ್ಲಿ ಗೊಂಬೆ ಹಬ್ಬಕ್ಕೆ ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಿಸುವ ಪದ್ಧತಿ ಇದೆಯಲ್ಲ, ಅದೇ. ನಮ್ಮ ಅಜ್ಜಿಯ ಟ್ರಂಕಿನಲ್ಲಿ ಪ್ರತಿ ಗೊಂಬೆಗೂ ಹಳೇ ಪಂಚೆಯ ತುಂಡು ಸುತ್ತಿರುತ್ತಿತ್ತು. ಬಿಚ್ಚುವಾಗ ಇದು ಯಾವ ವರ್ಷದ್ದು, ಯಾರ ಜೊತೆ ಹೋಗಿ ತಂದದ್ದು, ಎಷ್ಟು ಚೌಕಾಸಿ ಮಾಡಿದ್ದು ಅಂತ ಒಂದೊಂದಕ್ಕೂ ಕತೆ ಹೇಳೋರು. ನಿಮ್ಮ ಐದು ತಿಂಗಳ ಗೊಂಬೆಗಳಲ್ಲಿ ಎಷ್ಟಕ್ಕೆ ಹಾಗೆ ಹೇಳಬಲ್ಲಿರಿ?

ಅಮ್ಮನ ಬೈಗುಳಕ್ಕೆ ನನ್ನ ಹತ್ತಿರ ಮದ್ದಿಲ್ಲ. ಆದರೆ ಒಂದು ಮಾಡಿ, ಬೆಲೆಯನ್ನು ಕಡಿಮೆ ಮಾಡಿ ಹೇಳಬೇಡಿ. ನಿಜ ಬೆಲೆ ಹೇಳಲು ಬಾಯಿ ಬರದಿದ್ದರೆ ಆ ಗೊಂಬೆ ಅಂಗಡಿಯಲ್ಲೇ ಇರಲಿ.

ಪ್ರಶ್ನೆ: ಇದೆಲ್ಲ ಚಿನ್ನದ ಹಾಗೆ, ಇಟ್ಟುಕೊಂಡರೆ ಬೆಲೆ ಏರುತ್ತದೆ ಅಂತ ನನ್ನ ತಮ್ಮ ವಾದ ಮಾಡುತ್ತಾನೆ. ಹೌದೇ?
– ಮಂಡ್ಯ

ಉತ್ತರ: 2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜಿನಲ್ಲಿ ಮನುಷ್ಯರೆತ್ತರದ ಒಂದು ಲಬೂಬು 10 ಲಕ್ಷದ 80 ಸಾವಿರ ಯುವಾನ್‌ಗೆ ಹೋಯಿತು. ನಿಮ್ಮ ತಮ್ಮ ಓದಿರುವುದು ಅದನ್ನೇ ಇರಬೇಕು. ಅದೇ ತಿಂಗಳು ಪಾಪ್ ಮಾರ್ಟ್ ಕಂಪನಿ ಹೊಸ ಸ್ಟಾಕ್ ಬಿಟ್ಟಾಗ ಅಲ್ಲಿನ ಸೆಕೆಂಡ್ ಹ್ಯಾಂಡ್ ಬೆಲೆ ದಡಕ್ಕನೆ ಬಿದ್ದಿದ್ದನ್ನು ಓದಿಲ್ಲ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಬೆಲ್ಲ ಮಾರುಕಟ್ಟೆಗೆ ಜಾಸ್ತಿ ಬಂದ ದಿನ ರೇಟು ಏನಾಗುತ್ತದೆ ಅಂತ ನಿಮ್ಮಲ್ಲೇ ಯಾರನ್ನಾದರೂ ಕೇಳಿ. ಚಿನ್ನವನ್ನು ಅಡವಿಟ್ಟರೆ ಸಾಲ ಸಿಗುತ್ತದೆ, ಲಬೂಬು ಅಡವಿಡಲು ತಮ್ಮನನ್ನೇ ಕಳಿಸಿ ನೋಡಿ.

ನಾನೂ ಈ ಆಸೆಗೆ ಬಿದ್ದವನೇ. ಬೇರ್‌ಬ್ರಿಕ್ ಅಂತ ಜಪಾನಿನ ಕರಡಿ ಗೊಂಬೆ ಇದೆ, 2001ರಲ್ಲಿ ಮೆಡಿಕಾಮ್ ಟಾಯ್ ಕಂಪನಿ ಶುರು ಮಾಡಿದ್ದು. ಚಿಕ್ಕದು 7 ಸೆಂಟಿಮೀಟರ್, ಅದಕ್ಕೆ 100% ಅನ್ನುತ್ತಾರೆ. 400% ಅಂದರೆ 28, 1000% ಅಂದರೆ 70 ಸೆಂಟಿಮೀಟರ್. ಆ 28ರದ್ದು ಮೂರನೇ ಒಂದು ಬೆಲೆಗೆ ಆನ್‌ಲೈನ್‌ನಲ್ಲಿ ಸಿಕ್ಕಿತು ಅಂತ ಹಿಗ್ಗಿ ತರಿಸಿದೆ. ಡಬ್ಬ ತೆಗೆದರೆ ಸೈಕಲ್ ಟೈರಿನ ವಾಸನೆ. ಕೈ ತಿರುಗಿಸಿದರೆ ಲೊಡಲೊಡ, ಕಣ್ಣಿನ ಕಪ್ಪು ಬಣ್ಣ ಗೆರೆ ದಾಟಿ ಕೆನ್ನೆಗೆ ಬಂದಿತ್ತು. ಮಾರಿದವನು ಫೋನ್ ತೆಗೆಯಲಿಲ್ಲ. ಈಗದು ನಮ್ಮ ಮನೆ ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ನಿಂತಿದೆ.

ಪ್ರಶ್ನೆ: ಫುಟ್‌ಪಾತಿನಲ್ಲಿ 250 ರೂಪಾಯಿಗೆ ಲಬೂಬು ತಂದೆ. ಮಗಳು ಅದನ್ನು ಬಿಟ್ಟು ಮಲಗುವುದಿಲ್ಲ. ಅಸಲಿಯೋ ನಕಲಿಯೋ?
– ಸರಸ್ವತಿಪುರಂ, ಮೈಸೂರು

ಉತ್ತರ: ಆ ಬೆಲೆಗೆ ನಕಲಿಯೇ. ಇದಕ್ಕೆ 'ಲಫೂಫು' ಅಂತ ಅಡ್ಡಹೆಸರೂ ಇದೆ. ಅನುಮಾನ ಇದ್ದರೆ ಹಲ್ಲು ಎಣಿಸಿ, ಅಸಲಿಗೆ ಒಂಬತ್ತು. ಕೆಲವು ನಕಲಿಗೂ ಈಗ ಒಂಬತ್ತೇ ಇರುತ್ತದೆ, ಆ ಮಾತು ಬೇರೆ. ನನಗೆ ಅಸಲಿ ನಕಲಿಗಿಂತ ಮಗುವಿನ ವಯಸ್ಸು ಮುಖ್ಯ. ಮೂರು ವರ್ಷದೊಳಗಿನ ಮಗುವಾದರೆ ಇವತ್ತೇ ಎತ್ತಿಡಿ, ಕಣ್ಣು, ಕೊಂಡಿ ಕಿತ್ತು ಬಂದರೆ ಗಂಟಲಿಗೆ ಹೋಗುತ್ತದೆ. ದೊಡ್ಡವಳಾದರೆ ಕೂದಲು ಎಳೆದು ನೋಡಿ, ಬಣ್ಣ ಕೈಗೆ ಹತ್ತುತ್ತದೆಯೇ ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಿ. ಮಕ್ಕಳ ಆಟಿಕೆಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ, ಮುಂದಿನ ಸಲ ಅದನ್ನು ನೋಡಿ ತನ್ನಿ. ಅಥವಾ ಬೆಂಗಳೂರಿಂದ ಬರುವಾಗ ಚನ್ನಪಟ್ಟಣದಲ್ಲಿ ಇಳಿಯಿರಿ. ಹಾಲೆ ಮರ, ಅರಗಿನ ಬಣ್ಣ.

ಪ್ರಶ್ನೆ: ಮೊಮ್ಮಗಳು ಈ ಸಲ ಗೊಂಬೆ ಹಬ್ಬದಲ್ಲಿ ಲಬೂಬುವನ್ನೂ ಕೂರಿಸಬೇಕು ಅಂತ ಹಟ ಮಾಡುತ್ತಿದ್ದಾಳೆ. ನೋಡಿದರೆ ರಾಕ್ಷಸನ ಹಾಗಿದೆ. ಇಡಬಹುದಾ?
– ಒಂಟಿಕೊಪ್ಪಲು, ಮೈಸೂರು

ಉತ್ತರ: ಅಮ್ಮ, ಮೊದಲನೆಯದಾಗಿ ಅದು ಹೆಣ್ಣು. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ ನೆದರ್ಲೆಂಡ್ಸ್‌ನಲ್ಲಿ ಬೆಳೆದ ಕಾಸಿಂಗ್ ಲಂಗ್ ಅನ್ನೋ ಕಲಾವಿದ 2015ರಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಬರೆದ ಪಾತ್ರ. ಯುರೋಪಿನ ಉತ್ತರದ ಜಾನಪದ ಕತೆಗಳ ಕಾಡಿನ ಕುಳ್ಳಿ ಅಂದುಕೊಳ್ಳಿ. ಹಲ್ಲು ಚೂಪು, ಮನಸ್ಸು ಒಳ್ಳೆಯದು. ಪಟ್ಟದ ಗೊಂಬೆ ಪಕ್ಕ ಬೇಡ, ಅದು ನಿಮ್ಮ ತಾಯಿ ಮನೆಯಿಂದ ಬಂದಿರುತ್ತದೆ, ರಾಜ ರಾಣಿಯ ಹತ್ತಿರ ಇವಳು ಒಪ್ಪುವುದೂ ಇಲ್ಲ. ಕೆಳಗಿನ ಮೆಟ್ಟಿಲಲ್ಲಿ ಪಾರ್ಕು, ಕ್ರಿಕೆಟ್ ಮೈದಾನ ಎಲ್ಲ ಮಾಡುತ್ತೀರಲ್ಲ, ಅಲ್ಲಿ ಶೆಟ್ಟಿ-ಶೆಟ್ಟಿತಿಯ ಅಂಗಡಿ ಮುಂದೆ ಅಕ್ಕಿ ಕೊಳ್ಳೋಕೆ ಬಂದವಳ ಹಾಗೆ ನಿಲ್ಲಿಸಿ. ಗೊಂಬೆ ಬಾಗಿನಕ್ಕೆ ಬರುವ ಮಕ್ಕಳು ಮೊದಲು ನೋಡುವುದು ಅದನ್ನೇ. ಹಣತೆಯಿಂದ ಮಾತ್ರ ದೂರ ಇಡಿ, ಮೈಮೇಲಿನ ಕೂದಲು ಬೇಗ ಬೆಂಕಿ ಹಿಡಿಯುತ್ತದೆ.

ಇನ್ನೊಂದು ಮಾತನ್ನು ಮೊಮ್ಮಗಳ ಹತ್ತಿರ ಈಗಲೇ ಆಡಿಬಿಡಿ. ವಿಜಯದಶಮಿ ಆದ ಮೇಲೆ ಅದು ಉಳಿದ ಗೊಂಬೆಗಳ ಜೊತೆ ಅಟ್ಟ ಹತ್ತುತ್ತದೋ, ಅವಳ ಕಾಲೇಜ್ ಬ್ಯಾಗಿಗೆ ವಾಪಸ್ ಹೋಗುತ್ತದೋ ಅಂತ. ಜಗಳ ಶುರುವಾಗುವುದೇ ಅಲ್ಲಿ.